ಬಾಯಿ ತೆರೆದರೆ ಗಟ್ಟಿಮೇಳ

ಆ ಊರಿಗೆ ಹೋಗುವ ದಾರಿ ಕೇಳಬೇಡಿ. ಹೇಳಿದರೆ ನೀವು ನಗುತ್ತೀರಿ, ಅಯ್ಯೋ ನಾವು ಅಲ್ಲಿಂದಲೇ ಬಂದವರು ಅನ್ನುತ್ತೀರಿ.

ನಾನು ತಂಬೂರಿ ಮೀಟುವವಳು. ಹಾಡುವಾಕೆಯ ಬೆನ್ನ ಹಿಂದೆ ಕೂತು ಊರೂರು ಕಂಡವಳು. ಸತ್ತವರಿಗೆ ಜೋಗುಳ ಹಾಡುವ ಊರು ಕಂಡಿದ್ದೇನೆ. ಕನ್ನಡಿಗೆ ಬಡಿಸಿ ಆಮೇಲೆ ತಾವು ಉಣ್ಣುವ ಊರು ಕಂಡಿದ್ದೇನೆ. ಗಾಳಿ ಬೀಸಿದರೆ ಎದ್ದು ನಿಂತು ಜಾಗ ಬಿಡುವ ಊರೂ ಒಂದಿದೆ. ಎಲ್ಲ ಕಡೆ ಉಂಡಿದ್ದೇನೆ, ಮಲಗಿದ್ದೇನೆ, ಬೆಳಗಾದ ಮೇಲೆ ತಂಬೂರಿಗೆ ಗವಸು ಹಾಕಿಕೊಂಡು ಹೊರಟಿದ್ದೇನೆ. ಯಾವ ಊರಿನ ಮೇಲೂ ಸಿಟ್ಟು ಇಟ್ಟುಕೊಂಡವಳಲ್ಲ. ದಾರಿಯಲ್ಲಿ ಹೋಗುವವಳಿಗೆ ಸಿಟ್ಟು ಯಾಕೆ, ಮುಂದಿನ ಊರು ಇದ್ದೇ ಇರುತ್ತದಲ್ಲ. ಈ ಊರಿನ ಮೇಲಿನ ಸಿಟ್ಟು ಮಾತ್ರ ನನ್ನ ಜೊತೆಗೇ ಬಂತು. ನಾನು ಏಳುವ ಮುಂಚೆ ಅದು ಎದ್ದಿರುತ್ತದೆ.

ತಾಳಿ ಕಟ್ಟುವ ಗಳಿಗೆಯಲ್ಲಿ ಗಟ್ಟಿಮೇಳ ಬಾರಿಸುವುದನ್ನು ನೀವೂ ಕೇಳಿದ್ದೀರಿ. ಪುರೋಹಿತರು ಬೆರಳೆತ್ತಿ ಅಲ್ಲಾಡಿಸುತ್ತಾರೆ, ನಾಗಸ್ವರ, ಡೋಲು ಎಲ್ಲ ಒಟ್ಟಿಗೆ ಮೊರೆಯುತ್ತವೆ. ಯಾರದೋ ಸೀನು, ಯಾರದೋ ಕೆಟ್ಟ ಮಾತು ಆ ಗಳಿಗೆಯಲ್ಲಿ ಕಿವಿಗೆ ಬೀಳಬಾರದು ಅಂತ. ಒಂದು ಗಳಿಗೆ, ಅಷ್ಟೆ. ಈ ಊರಿನವರು ಜಾಣರು. ಒಂದು ಗಳಿಗೆಗೆ ಒಳ್ಳೆಯದಾದದ್ದು ಇಡೀ ಮದುವೆಗೆ ಇನ್ನೂ ಒಳ್ಳೆಯದಲ್ಲವೇ ಅಂದುಕೊಂಡರು. ಮದುವೆ ಮನೆಯಲ್ಲಿ ಯಾರ ಬಾಯಿಂದ ಅಪಶಕುನ ಬರುವ ಸಂಭವ ಹೆಚ್ಚು ಅಂತ ಹಿರಿಯರು ಕೂತು ಯೋಚಿಸಿದರು. ಮದುಮಗಳ ಬಾಯಿಂದ ಅಂತ ತೀರ್ಮಾನವಾಯಿತು.

ಆದ್ದರಿಂದ ಆ ಊರಿನ ಕಟ್ಟಳೆ ಹೀಗೆ. ಅರಿಸಿನ ಬಿದ್ದ ದಿನದಿಂದ ತಾಳಿ ಬೀಳುವ ದಿನದವರೆಗೆ ಮದುಮಗಳು ಬಾಯಿ ತೆರೆದರೆ ಗಟ್ಟಿಮೇಳ. ವಾಲಗದವರು ಜಗಲಿಯ ಮೇಲೇ ಉಣ್ಣುತ್ತಾರೆ, ಜಗಲಿಯ ಮೇಲೇ ಮಲಗುತ್ತಾರೆ. ಮದುಮಗಳ ಪಕ್ಕದಲ್ಲಿ ಕಾವಲಿನ ಅಜ್ಜಿಯೊಬ್ಬಳು ಕೂತಿರುತ್ತಾಳೆ. ಮದುಮಗಳ ತುಟಿ ಬಿರಿದರೆ ಅಜ್ಜಿಯ ಬೆರಳು ಏಳುತ್ತದೆ. ಬೆರಳು ಎದ್ದರೆ ಮೇಳ ಏಳುತ್ತದೆ. ತುಟಿ ಮುಚ್ಚಿದರೆ ಬೆರಳು ಇಳಿಯುತ್ತದೆ, ಮೇಳ ಇಳಿಯುತ್ತದೆ, ಬೀದಿಯಲ್ಲಿ ಹೋಗುವವರು ಕೈ ಮುಗಿಯುತ್ತಾರೆ.

ಬರೆದು ತೋರಿಸಬಾರದೇ ಅನ್ನಬಹುದು ನೀವು. ಎರಡೂ ಕೈಗೆ ಮದರಂಗಿ ಮೆತ್ತಿ ಬಟ್ಟೆ ಸುತ್ತಿರುತ್ತಾರೆ, ಬಣ್ಣ ಮಾಸುವ ಮೊದಲೇ ಮತ್ತೆ ಮೆತ್ತುತ್ತಾರೆ. ಊಟ ಅಜ್ಜಿಯ ಕೈಯಿಂದ. ಮುಖಕ್ಕೆ ಬಾಸಿಂಗದಿಂದ ಇಳಿಬಿಟ್ಟ ಮಲ್ಲಿಗೆಯ ಮುಸುಕು. ಒಳಗೆ ಕಣ್ಣಿದೆಯೋ ಇಲ್ಲವೋ, ಹೊರಗೆ ಪರಿಮಳ ಇದೆ.

ಈ ಊರಿನಲ್ಲಿ ಮದುವೆಯ ಹಿಂದಿನ ಸಂಜೆ ಕಛೇರಿ ಇಡಿಸುತ್ತಾರೆ. ಆ ಸಲ ಗಂಡಿನ ಕಡೆಯವರಿಗೆ ಪರವೂರಿನ ಹಾಡುಗಾರಿಕೆಯೇ ಬೇಕಾಗಿತ್ತು. ಹಾಗೆ ನಾವು ಬಂದೆವು. ಮದುವೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಬ್ಬರೂ ಹೆಂಗಸರು ತಾನೇ ಅಂತ ನಮ್ಮನ್ನು ಮದುಮಗಳ ಕೋಣೆಗೇ ಹಾಕಿದರು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಮದುವೆ ಆಗಿ ನೋಡು ಅಂತ ಯಾರೂ ಅನ್ನುವುದಿಲ್ಲ. ಮಾಡುವವರ ಕಷ್ಟವೇ ಕಷ್ಟ. ಚಪ್ಪರದ ತೆಂಗಿನ ಗರಿ ಒಣಗಿದೆಯಂತೆ, ಬೀಗರ ಚಿಕ್ಕಪ್ಪನಿಗೆ ಬೆನ್ನಿಗೆ ದಿಂಬು ಬೇಕಂತೆ, ಹಪ್ಪಳ ಕರಿಯುವವರು ಮುನಿಸಿಕೊಂಡರಂತೆ, ಹಿರಿಯ ಸೊಸೆಗೆ ಮೊದಲು ಕುಂಕುಮ ಕೊಡದೆ ಕಿರಿಯಳಿಗೆ ಕೊಟ್ಟರಂತೆ. ಇಷ್ಟರ ನಡುವೆ ಮದುಮಗಳ ತಾಯಿ ಸೊಂಟದಲ್ಲಿ ಬೀಗದ ಕೈ ಗೊಂಚಲು ಕುಣಿಸುತ್ತ ಒಳಗೂ ಹೊರಗೂ ಓಡುತ್ತಿದ್ದಳು. ಕೋಣೆಗೆ ಬಂದಾಗಲೆಲ್ಲ ದೀಪ ನೋಡುತ್ತಿದ್ದಳು, ಪೆಟ್ಟಿಗೆ ನೋಡುತ್ತಿದ್ದಳು, ತೊಲೆ ನೋಡುತ್ತಿದ್ದಳು. ಹಸೆಯ ಮೇಲೆ ಕೂತವಳನ್ನು ನೋಡುತ್ತಿರಲಿಲ್ಲ. ಪಾಪ, ಪುರುಸೊತ್ತಿಲ್ಲ ಅಂದುಕೊಂಡೆ.

ನಾನು ತಂಬೂರಿಯ ಗವಸು ಬಿಚ್ಚುತ್ತಿದ್ದೆ. ಮದುಮಗಳು ತೆವಳಿಕೊಂಡು ಬಂದಳು. ಬಟ್ಟೆ ಸುತ್ತಿದ ಎರಡು ಕೈಗಳ ನಡುವೆ ನನ್ನ ಸೆರಗು ಹಿಡಿದಳು. ಮಲ್ಲಿಗೆ ಅಲುಗಿತು. ಅಜ್ಜಿಯ ಬೆರಳು ಎದ್ದಿತು. ಕಿಟಕಿಯಾಚೆ ಆನೆಗಳ ಹಿಂಡು ಎದ್ದ ಹಾಗೆ ಮೇಳ ಎದ್ದಿತು. ಅವಳ ತುಟಿ ಆಡುತ್ತಲೇ ಇತ್ತು. ನನಗೆ ಡೋಲು ಮಾತ್ರ ಕೇಳಿಸಿತು. ಸುಮ್ಮನಾದಳು. ಮೇಳ ಸುಮ್ಮನಾಯಿತು. ಇನ್ನೊಮ್ಮೆ ಪ್ರಯತ್ನಿಸಿದಳು. ಇನ್ನೊಮ್ಮೆ ಬೆರಳು, ಇನ್ನೊಮ್ಮೆ ಮೇಳ. ನನ್ನ ಸೆರಗು ಬಿಡಲಿಲ್ಲ.

"ಅಜ್ಜಿ, ಇವಳಿಗೆ ಏನೋ ಹೇಳೋದಿದೆ," ಅಂದೆ.

"ಎಲ್ರಿಗೂ ಇರುತ್ತೆ ಕಣವ್ವ. ಮದುವೆ ಆದ್ಮೇಲೆ ಹೇಳ್ಕೊಳ್ಳಲಿ."

"ಆದ್ಮೇಲೆ ಹೇಳಿದವರು ಇದಾರಾ?"

ಅಜ್ಜಿ ಎಲೆಗೆ ಸುಣ್ಣ ಸವರಿದಳು. "ಆದ್ಮೇಲೆ ಹೇಳೋಕೆ ಏನಿರುತ್ತೆ?"

ಜಗಲಿಗೆ ಹೋದೆ. ಮೇಳದ ಯಜಮಾನ ನಾಗಸ್ವರದ ಪೀಪಿಯನ್ನು ತುಟಿಯಲ್ಲಿ ನೆನೆಸುತ್ತ ಕೂತಿದ್ದ. "ಅವಳು ಏನು ಹೇಳ್ತಾಳೆ ಅಂತ ನಿಮಗೆ ಯಾವತ್ತಾದ್ರೂ ಕೇಳಿಸಿದೆಯಾ?"

"ಊದೋನಿಗೆ ಏನು ಕೇಳಿಸುತ್ತೆ ತಾಯಿ."

"ನಿಮ್ಮ ಮದುವೆಲಿ ನಿಮ್ಮ ಹೆಂಡತಿ ಏನು ಹೇಳೋಕೆ ಹೊರಟಿದ್ರು?"

ಯೋಚಿಸಿದ. "ಆವತ್ತು ನಮ್ಮಪ್ಪ ಊದಿದ್ರು. ಚೆನ್ನಾಗಿ ಊದಿದ್ರು."

ತಾಯಿಯನ್ನು ಅಡುಗೆಮನೆಯ ಬಾಗಿಲಲ್ಲಿ ಹಿಡಿದೆ. ಬೆಳಗಾದರೆ ಮುಹೂರ್ತ, ನಿಮ್ಮ ಮಗಳಿಗೆ ಹೇಳುವುದಿದೆ, ಒಂದು ಗಳಿಗೆ ಆ ಅಜ್ಜಿಯನ್ನು ಹೊರಗೆ ಕಳಿಸಿ ಅಂದೆ. ಆಕೆ ನನ್ನ ಭುಜದ ಮೇಲಿಂದ ಗೋಡೆ ನೋಡಿದಳು. "ಹಪ್ಪಳ ಕರಿಯೋರನ್ನ ಸಮಾಧಾನ ಮಾಡಿ ಕರ್ಕೊಂಡು ಬರಬೇಕು ಈಗ. ನೀವು ಕಾಫಿ ಕುಡಿದ್ರಾ?"

ಹಾಡುವಾಕೆ ಇದನ್ನೆಲ್ಲ ನೋಡುತ್ತ ತಲೆ ಬಾಚಿಕೊಳ್ಳುತ್ತಿದ್ದಳು. ಹೊರಗೆ ವಾಲಗ ಮೊರೆದಾಗಲೆಲ್ಲ ಅವಳ ಬಾಚಣಿಗೆ ನಿಲ್ಲುತ್ತಿತ್ತು. ಸಂಗೀತವನ್ನು ಹೀಗೆ ಬಾಯಿಗೆ ತುರುಕುವ ಗೋಣಿಚೀಲದ ಹಾಗೆ ಬಳಸುವುದನ್ನು ಅವಳೂ ಕಂಡಿರಲಿಲ್ಲ. "ಸಂಜೆ ಆಗಲಿ," ಅಂದಳು. ಅವಳಿಗೆ ಸಿಟ್ಟು ಬಂದರೆ ದನಿ ಇಳಿಯುತ್ತದೆ. ಅದು ನನಗೊಬ್ಬಳಿಗೆ ಗೊತ್ತು.

ಸಂಜೆಯಾಯಿತು. ಚಪ್ಪರದ ತುಂಬ ದೀಪ. ಗಂಡಸರು ಮುಂದೆ, ಹೆಂಗಸರು ಹಿಂದೆ. ನಡುವೆ ಮಣೆಯ ಮೇಲೆ ಮದುಮಗಳು, ಎದುರು ಕುರ್ಚಿಯಲ್ಲಿ ಮದುಮಗ. ಮೂಲೆಯಲ್ಲಿ ವಾಲಗದವರು, ಊದುವುದಕ್ಕೆ ಸಿದ್ಧರಾಗಿ. ಊರಿನ ಹಿರಿಯ ಶಾಲು ಹೊದ್ದು ಎಲ್ಲರಿಗಿಂತ ಮುಂದೆ. ನಾನು ತಂಬೂರಿಯ ತಂತಿಗಳ ಕೆಳಗಿನ ಜೀವಾಳದ ದಾರ ಸರಿ ಮಾಡಿ ಶ್ರುತಿ ಹಿಡಿದೆ. ಹಾಡುವಾಕೆ ಬಾಯಿ ತೆರೆಯಲಿಲ್ಲ.

ಅವಳಿಗೆ ಒಂದು ಪದ್ಧತಿಯಿದೆ, ಗುರುವಿನಿಂದ ಬಂದದ್ದು. ಯಾರಿಗಾಗಿ ದೀಪ ಹಚ್ಚಿದ್ದಾರೋ ಅವರ ಬಾಯಿಂದ ಒಂದು ಸಾಲು ಕೇಳಿ ಪಡೆಯುತ್ತಾಳೆ, ಅದನ್ನೇ ಮೊದಲು ಹಾಡುತ್ತಾಳೆ. ನಾಮಕರಣದಲ್ಲಿ ಕೂಸಿನ ತೊದಲನ್ನೂ ಹಾಡಿದ್ದಾಳೆ. ಸಾಲು ಸಿಗದೆ ಎದ್ದು ಬಂದದ್ದೂ ಉಂಟು.

"ದೇವರನಾಮದಿಂದ ಶುರು ಮಾಡಿ ತಾಯಿ," ಅಂದ ಹಿರಿಯ.

"ಮಾಡ್ತೀನಿ. ಮದುಮಗಳ ಹತ್ತಿರ ಒಂದು ಸಾಲು ಕೊಡಿಸಿ."

"ನಮ್ಮಲ್ಲಿ ಮದುಮಗಳು ಮಾತಾಡಲ್ಲ. ಸಾಲು ತಾನೇ, ನಾನು ಕೊಡ್ತೀನಿ."

"ಮದುವೆ ನಿಮ್ಮದಾ ಯಜಮಾನರೇ?"

ಹಿಂದೆ ಹೆಂಗಸರ ಕಡೆ ಯಾರೋ ನಗು ನುಂಗಿಕೊಂಡರು. ಹಾಡುವಾಕೆ ಕೂತೇ ಇದ್ದಳು. ನನ್ನ ಬೆರಳು ತಂತಿಯ ಮೇಲೆ ಹರಿಯುತ್ತಲೇ ಇತ್ತು. ಹಾಡಿಲ್ಲದ ಶ್ರುತಿ ಜನರನ್ನು ಚುಚ್ಚುತ್ತದೆ. ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪರವೂರಿನ ಹಾಡುಗಾರಿಕೆ ಅಂತ ನೆಂಟರನ್ನೆಲ್ಲ ಕರೆದಾಗಿತ್ತು. ಕೊನೆಗೆ ಹಿರಿಯ ಒಂದು ದಾರಿ ಹುಡುಕಿದ. ಮದುಮಗಳು ಹಾಡುವಾಕೆಯ ಕಿವಿಯಲ್ಲಿ ಹೇಳಲಿ. ಹೇಳುವಾಗ ಗಟ್ಟಿಮೇಳ ಬಾರಿಸೋಣ. ಊರಿನ ಕಿವಿಗೆ ಬೀಳಬಾರದು ತಾನೇ ಕಟ್ಟಳೆ. ಈಕೆ ಊರಿನವಳಲ್ಲವಲ್ಲ.

ಆ ಊರಿನವರು ಮಾತ್ರ ಮಾಡಬಹುದಾದ ತಪ್ಪು ಇದು. ಹೆಂಗಸಿನ ಕಿವಿ ಅಂದರೆ ಒಳಗೆ ಹಾಕಿದ್ದು ಹೊರಗೆ ಬರದ, ನೆಲದೊಳಗಿನ ಹಗೇವು ಅಂತ ಅವರು ಅಷ್ಟು ಕಾಲದಿಂದ ನಂಬಿದ್ದರು.

ಅಜ್ಜಿ ಬೆರಳೆತ್ತಿದಳು. ಮೇಳ ಮೊರೆಯಿತು. ಹಾಡುವಾಕೆ ಮಲ್ಲಿಗೆಯ ಮುಸುಕಿನೊಳಗೆ ತಲೆ ಹಾಕಿದಳು. ತಲೆ ಹೊರಗೆ ತೆಗೆದು ನನ್ನ ಕಡೆ ಕೈ ಸನ್ನೆ ಮಾಡಿದಳು, ಶ್ರುತಿ ಬಿಡಬೇಡ ಅಂತ. ವಾಲಗ ನಿಂತಿತು. ಕಣ್ಣು ಮುಚ್ಚಿದಳು. ದನಿ ತೀರ ಕೆಳಗಿಳಿಸಿ ಹಾಡಿದಳು.

"ಮದುಮಗಳು ನಾನಲ್ಲ. ಮೊಸರು ಕೊಡಲು ಬಂದವಳು."

ಮತ್ತೆ ಹಾಡಿದಳು, ಸ್ವಲ್ಪ ಮೇಲೆ ಹತ್ತಿಸಿ. ಮದುಮಗಳು ನಾನಲ್ಲ. ಮತ್ತೆ, ಇನ್ನೂ ಮೇಲೆ. ಮೊಸರು ಕೊಡಲು ಬಂದವಳು. ಮುಸುಕಿನೊಳಗಿನ ತಲೆ ಹೌದು ಹೌದು ಅನ್ನುತ್ತಿತ್ತು, ಮಲ್ಲಿಗೆ ಉದುರುತ್ತಿತ್ತು.

ಮುಂದಿನ ಸಾಲಿನ ರಸಿಕನೊಬ್ಬ ತೊಡೆ ತಟ್ಟಿದ. "ಆಹಾ. ಮೊಸರು ಅಂದ್ರೆ ಇಲ್ಲಿ ಏನು ಗೊತ್ತಾಯ್ತಾ? ಜೀವ. ಕಡೆದ್ರೆ ಬೆಣ್ಣೆ. ಎಂಥ ವೈರಾಗ್ಯ ನೋಡಿ." ಪಕ್ಕದವನು ಕಣ್ಣು ಒರೆಸಿಕೊಂಡ.

ಹಾಡುವಾಕೆ ಹಾಡು ನಿಲ್ಲಿಸಿದಳು. "ಮೊಸರು ಅಂದ್ರೆ ಮೊಸರೇ ಸ್ವಾಮಿ. ಈ ಹುಡುಗಿ ಈ ಮನೆಗೆ ಮೊಸರು ಕೊಡೋಕೆ ಬಂದಿದ್ಲು. ಹಿಡಿದು ಅರಿಸಿನ ಹಚ್ಚಿದೀರಿ. ಆವತ್ತಿಂದ ಅದನ್ನೇ ಹೇಳ್ತಿದಾಳೆ." ಮತ್ತೆ ಸಾಲು ಎತ್ತಿಕೊಂಡಳು.

ಆಮೇಲೆ, ಎಲ್ಲರಿಗಿಂತ ಮೊದಲು, ಕಾವಲಿನ ಅಜ್ಜಿಯ ಗಂಟಲಿನಿಂದ ಒಂದು ದನಿ ಬಂತು. ತುಕ್ಕು ಹಿಡಿದ ರಾಟೆಯ ದನಿ. ಹಾಡೋ ಅಳುವೋ ತಿಳಿಯಲಿಲ್ಲ.

"ಮದುಮಗಳು ನಾನಲ್ಲ. ಒಂದು ಹಿಡಿ ಉಪ್ಪು ಕೇಳಲು ಬಂದವಳು."

ಹೇಳಿದವಳು ತಾನೇ ಅಂತ ಅಜ್ಜಿಗೇ ನಂಬಿಕೆಯಾಗಲಿಲ್ಲ. ತನ್ನ ಬೆರಳು ನೋಡಿಕೊಂಡಳು. ಅದು ಮಡಿಲಲ್ಲೇ ಇತ್ತು. ಹಿಂದಿನಿಂದ ಇನ್ನೊಬ್ಬಳು ಎದ್ದಳು. ಮದುಮಗಳು ನಾನಲ್ಲ, ತಪ್ಪಿಸಿಕೊಂಡ ಕರು ಹುಡುಕುತ್ತ ಬಂದವಳು. ಮೇಳದ ಯಜಮಾನನ ಹೆಂಡತಿ ಎದ್ದಳು, ಗಂಡನನ್ನೇ ನೋಡುತ್ತ. ಮದುಮಗಳು ನಾನಲ್ಲ, ಮಳೆ ನಿಲ್ಲಲಿ ಅಂತ ಜಗಲಿ ಹತ್ತಿದವಳು. ದಾರಿ ಕೇಳಲು ಬಂದವಳು. ಅಕ್ಕನ ಮದುವೆ ನೋಡಲು ಬಂದವಳು. ಬಂದವಳು, ಬಂದವಳು, ಬಂದವಳು. ಇಡೀ ಊರಿನ ಗೃಹಿಣಿಯರು, ತೊಟ್ಟಿಲು ತೂಗಿದವರು, ಬೀಗಿತ್ತಿಯರಾದವರು, ಸೊಸೆಯರಿಗೆ ತಾವೇ ಬೆರಳೆತ್ತಿದವರು, ಒಬ್ಬಳೂ ತಾನು ಹಸೆಗೆ ಕೂತ ಮನೆಗೆ ಮದುಮಗಳಾಗಿ ಬಂದವಳಲ್ಲ.

"ಗಟ್ಟಿಮೇಳ," ಅಂದ ಹಿರಿಯ. ಈ ಸಲ ಬೆರಳೆತ್ತಿದವನು ಅವನೇ.

ಊದಿದರು. ಬಡಿದರು. ಚಪ್ಪರದ ಗರಿ ಅದುರಿತು, ದೀಪಗಳು ಮಲಗಿ ಎದ್ದವು. ಹೆಂಗಸರ ಬಾಯಿ ಮುಚ್ಚಲಿಲ್ಲ. ಬಾಯಿ ತೆರೆದಿರುವಷ್ಟು ಹೊತ್ತು ಊದಬೇಕು, ಅದು ಕಟ್ಟಳೆ. ಊದಿದರು. ಕೆನ್ನೆ ಕೆಂಪಾಯಿತು, ಕತ್ತಿನ ನರ ಹಗ್ಗವಾಯಿತು, ಡೋಲಿನವನ ಬೆರಳ ಕಟ್ಟು ಬಿಚ್ಚಿ ಹಾರಿತು. ಊದುವವನಿಗೆ ಹೊರಗಿನಿಂದ ಉಸಿರು ಬೇಕು. ಹೇಳುವವಳಿಗೆ ಆಯುಷ್ಯವಿಡೀ ಒಳಗೆ ಹಿಡಿದ ಉಸಿರೇ ಇತ್ತು. ಮೊದಲು ಒಂದು ನಾಗಸ್ವರ ಕೆಮ್ಮಿತು. ಆಮೇಲೆ ಇನ್ನೊಂದು. ಕೊನೆಗೆ ಡೋಲಿನವನು ಕೈ ಚೆಲ್ಲಿದ. ಮೇಳ ಸತ್ತ ಮೇಲೂ ಹೆಂಗಸರ ದನಿ ಅಲ್ಲೇ ಇತ್ತು, ಮೊದಲಿನಷ್ಟೇ ಎತ್ತರದಲ್ಲಿ.

"ಆಯ್ತಲ್ಲ, ಹೇಳಿದ್ದಾಯ್ತಲ್ಲ," ಅಂದ ಹಿರಿಯ, ಮಕ್ಕಳನ್ನು ಓಲೈಸುವ ಹಾಗೆ. "ಈಗ ಯಾರಾದ್ರೇನು? ಮುಖ ಮುಚ್ಚಿದೆ. ಚಪ್ಪರ ಎದ್ದಿದೆ, ಅಡುಗೆಗೆ ಬೆಂಕಿ ಬಿದ್ದಿದೆ. ಮೊಸರಿನವಳಾದ್ರೆ ಮೊಸರಿನವಳು. ಒಳ್ಳೆ ಮನೆ ಸೇರ್ತಾಳೆ."

ಮದುಮಗ ಪೇಟ ಸರಿ ಮಾಡಿಕೊಂಡ. "ಮುಹೂರ್ತ ಬದಲಾಗಲ್ಲ ತಾನೇ?"

ತಂಬೂರಿಯವಳು ಕಛೇರಿಯ ನಡುವೆ ಕೈ ನಿಲ್ಲಿಸಬಾರದು. ನಿಲ್ಲಿಸಿದೆ. ತಂಬೂರಿ ಮಲಗಿಸಿ ಹೋಗಿ ಆ ಹುಡುಗಿಯ ಕೈಬಟ್ಟೆ ಬಿಚ್ಚಿದೆ. ಒಳಗಿನ ಚರ್ಮ ಮದರಂಗಿಯಲ್ಲಿ ನೆನೆದು ನೆನೆದು ಸುಕ್ಕುಗಟ್ಟಿ ಮುದುಕಿಯ ಕೈಯಾಗಿತ್ತು. ಅವಳು ಬೆರಳು ಮಡಿಸಿದಳು, ಬಿಡಿಸಿದಳು. ಬಾಸಿಂಗದ ದಾರ ಕಿತ್ತಳು. ಮುಸುಕು ಇಳಿಯಿತು. ಸಾಧಾರಣ ಮುಖ, ಸಂತೆಯಲ್ಲಿ ದಿನಾ ಕಾಣುವಂಥದ್ದು. ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ಬಿಳಿಚಿಕೊಂಡಿತ್ತು.

ಎದ್ದು ನೇರ ಹಿರಿಯನ ಹತ್ತಿರ ಹೋದಳು. ಬಾಸಿಂಗವನ್ನು ಅವನ ಹಣೆಗೆ ಕಟ್ಟಿದಳು, ಬಿಗಿಯಾಗಿ, ಎರಡು ಗಂಟು ಹಾಕಿ. ತಟ್ಟೆಯ ಅರಿಸಿನ ತೆಗೆದು ಅವನ ಎರಡು ಕೆನ್ನೆಗೂ ಬಳಿದಳು. ಮಲ್ಲಿಗೆಯ ಹಿಂದಿನಿಂದ ಅವನು ಏನೋ ಹೇಳಲು ಹೊರಟ. ಅಜ್ಜಿಯ ಬೆರಳು ಎದ್ದಿತು. ಮೇಳದ ಯಜಮಾನ ಹೆಂಡತಿಯ ಮುಖ ನೋಡಿದ, ಉಳಿದಿದ್ದ ಉಸಿರನ್ನೆಲ್ಲ ಕೂಡಿಸಿಕೊಂಡು ಊದಿದ. ಹಿರಿಯ ಸುಮ್ಮನಾದ. ಮತ್ತೆ ಹೊರಟ. ಮತ್ತೆ ಊದಿದ. ಅದಕ್ಕೆ ಯಾರೂ ನಗಲಿಲ್ಲ. ನಗು ಬರುವಷ್ಟು ಸಣ್ಣ ಸಿಟ್ಟು ಅಲ್ಲಿ ಯಾರಿಗೂ ಇರಲಿಲ್ಲ.

ಆಗ ಹುಡುಗಿ ಆ ಮನೆಯ ತಾಯಿಯ ಕಡೆ ತಿರುಗಿದಳು. "ಅಮ್ಮಾವ್ರೇ, ನಿಮಗೂ ಗೊತ್ತಾಗ್ಲಿಲ್ವಾ?"

ತಾಯಿ ತೊಲೆ ನೋಡಿದಳು, ದೀಪ ನೋಡಿದಳು. ನೋಡಲು ಇನ್ನೇನೂ ಉಳಿಯಲಿಲ್ಲ. ಮೊದಲ ಸಲ ಅವಳನ್ನು ನೋಡಿದಳು.

"ಮೊದಲನೇ ದಿನವೇ ಗೊತ್ತಿತ್ತು."

ತಾಯಿಯ ಕಣ್ಣು ಈ ಸಲ ತೊಲೆಗೆ ಹೋಗಲಿಲ್ಲ.

"ಆವತ್ತು ಹಸೆ ಖಾಲಿ ಇತ್ತು. ಗಳಿಗೆ ಮೀರ್ತಿತ್ತು. ಮಗಳನ್ನ ನಾನೇ ಕಳಿಸಿದ್ದೆ, ಪಕ್ಕದ ಬೀದಿಯವರ ಮೊರ ವಾಪಸು ಕೊಟ್ಟು ಓಡಿ ಬಾ ಅಂತ. ಬರಲಿಲ್ಲ. ನೀನು ಬಾಗಿಲಲ್ಲಿ ಮೊಸರಿನ ಕುಡಿಕೆ ಹಿಡ್ಕೊಂಡು ನಿಂತಿದ್ದೆ. ಯಾರೋ ಕೈ ಹಿಡಿದು ಕೂರಿಸಿದ್ರು, ಯಾರೋ ಅರಿಸಿನ ಹಚ್ಚಿದ್ರು. ಅದೇ ಹೊತ್ತಿಗೆ ಪಕ್ಕದ ಬೀದಿಯಲ್ಲೂ ವಾಲಗ ಎದ್ದಿತು. ಅಲ್ಲೂ ಹಸೆ ಖಾಲಿ ಇತ್ತು ಅಂತ ಕಾಣುತ್ತೆ." ಬೀಗದ ಕೈ ಗೊಂಚಲನ್ನು ಸೊಂಟದಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಳು. "ನನ್ನನ್ನೂ ಹೀಗೇ ಕೂರಿಸಿದ್ರು. ಹೂವಿನ ಗಿಡ ಬೇಕಾ ಅಂತ ಕೇಳ್ಕೊಂಡು ಬಂದಿದ್ದೆ. ಹೊಂದ್ಕೊಂಡೆ. ನನ್ನ ಮಗಳೂ ಹೊಂದ್ಕೊಳ್ತಾಳೆ ಅಂದ್ಕೊಂಡೆ. ಕೆಲಸ ಬೇರೆ ಇತ್ತು, ಮದುವೆ ಕೆಲಸ."

"ನಿಮ್ಮ ಮಗಳಿಗೆ ಯಾವತ್ತು ಮುಹೂರ್ತ?" ಅಂತ ಹುಡುಗಿ ಕೇಳಿದಳು.

"ನಾಳೆ. ಇಲ್ಲಿಯ ಗಳಿಗೆಗೇ."

"ಹಂಗಾದ್ರೆ ಇನ್ನೂ ನಿಂತಿದೀರಲ್ಲ."

ಇಷ್ಟು ಹೇಳಿ ಆ ಹುಡುಗಿ ಚಪ್ಪರದಿಂದ ಹೊರಟಳು. ಅವಳನ್ನು ಯಾರೂ ತಡೆಯಲಿಲ್ಲ, ಯಾರೂ ಆಶೀರ್ವದಿಸಲೂ ಇಲ್ಲ. ಹೊಳೆಯ ಕಡೆಗೆ, ತನ್ನ ಮನೆಯ ಕಡೆಗೆ, ಬರಿಗೈ ಬೀಸಿಕೊಂಡು ನಡೆದಳು. ತನ್ನ ತಾಯಿಯ ಮನೆಯಲ್ಲಿ ತನ್ನ ಜಾಗದಲ್ಲಿ ಯಾರನ್ನು ಕೂರಿಸಿದ್ದಾರೋ ಎಂದು ಅವಳಿಗೂ ಅನ್ನಿಸಿರಬೇಕು, ನಡಿಗೆ ಓಟವಾಯಿತು.

ತಾಯಿ ಗೊಂಚಲನ್ನು ನೆಲಕ್ಕೆ ಹಾಕಿ ಪಕ್ಕದ ಬೀದಿಗೆ ಹೊರಟಳು. ಅವಳ ಹಿಂದೆ ಹೆಂಗಸರು. ಹಾಡುವಾಕೆ ನನ್ನ ಕಡೆ ನೋಡಿದಳು, ನಾವೂ ಹೊರಟೆವು. ಹಿಂದೆ ಚಪ್ಪರದಲ್ಲಿ ಹಿರಿಯ ಬಾಯಿ ತೆರೆಯುತ್ತಿದ್ದ, ಯಜಮಾನ ಊದುತ್ತಿದ್ದ.

ಪಕ್ಕದ ಬೀದಿ ಬಹಳ ದೂರವೇನೂ ಇರಲಿಲ್ಲ. ಒಂದು ತಿರುವು, ಒಂದು ಹುಣಸೆಮರ. ಅಲ್ಲೂ ಚಪ್ಪರ, ಅಲ್ಲೂ ಜಗಲಿಯ ಮೇಲೆ ವಾಲಗ, ಅಲ್ಲೂ ಓಡಾಡುವ ಒಬ್ಬ ತಾಯಿ. ನಮ್ಮ ಗುಂಪು ನೋಡಿ ಆಕೆ, "ನೆಂಟರಾ? ಎಲೆ ಹಾಕಿಸ್ಲಾ?" ಅಂದಳು. ನಮ್ಮ ಜೊತೆ ಬಂದ ತಾಯಿ ನೇರ ಒಳಗೆ ಹೋದಳು. ಹಸೆಯ ಮೇಲೆ ಮಲ್ಲಿಗೆಯ ಮುಸುಕು ಹೊತ್ತು ಒಬ್ಬಳು ಕೂತಿದ್ದಳು. ಅಲ್ಲಿನ ಕಾವಲಿನವಳು ಬೆರಳೆತ್ತಿದಳು. ನಾಗಸ್ವರದವನು ಕಿಟಕಿಯಲ್ಲಿ ನಾಗಸ್ವರ ಎತ್ತಿದ. ತಾಯಿ ಕಿಟಕಿಯ ಸರಳಿನಿಂದ ಕೈ ತೂರಿಸಿ ನಾಗಸ್ವರದ ಬಾಯಿಗೆ ಅಂಗೈ ಒತ್ತಿ ಹಿಡಿದಳು. ಇನ್ನೊಂದು ಕೈಯಿಂದ ಮುಸುಕು ಸರಿಸಿದಳು.

ಮಗಳು ತಾಯಿಯನ್ನು ನೋಡಿದಳು. ಅಳಲಿಲ್ಲ. ತಬ್ಬಿಕೊಳ್ಳಲಿಲ್ಲ.

"ಬರೀ ಪಕ್ಕದ ಬೀದಿ ಅಮ್ಮ," ಅಂದಳು. "ನಮ್ಮನೆ ವಾಲಗ ನನಗೆ ದಿನಾ ಕೇಳಿಸ್ತಿತ್ತು."

ತಾಯಿ ಬಾಯಿ ತೆರೆದಳು. ಯಾರೂ ಊದಲಿಲ್ಲ. ಆದರೂ ನಮಗೆ ಏನೂ ಕೇಳಿಸಲಿಲ್ಲ.